ಬ್ಯಾಟರಿ ಬದಲಿಸಿದೊಡನೆ ಕಾರ್ ರೇಡಿಯೋ ಮೌನವೇಕೆ?

ಕಾರಿನ ಬ್ಯಾಟರಿ ಬದಲಿಸಿದ ನಂತರ ರೇಡಿಯೋ ಪರದೆಯಲ್ಲಿ 'ಕೋಡ್' ಎಂಬ ಪದ ಕಾಣಿಸಿದರೆ ಸೆಟ್ ಕೆಟ್ಟಿತೆಂದು ಭಾವಿಸಬೇಕಿಲ್ಲ. ಕದ್ದ ಸೆಟ್ ಕಳ್ಳನ ಉಪಯೋಗಕ್ಕೆ ಬಾರದಿರಲೆಂದು ಅಳವಡಿಸಿದ ವ್ಯವಸ್ಥೆಯಿದು. ವಿದ್ಯುತ್ ಸಂಪರ್ಕ ತಪ್ಪಿದೊಡನೆ ಅದು ಮಾಲೀಕನನ್ನೇ ಶಂಕಿಸುತ್ತದೆ!

ಹೋಂಡಾದ ಹಲವು ಹಳೆಯ ಮಾದರಿಗಳಲ್ಲಿ ನಿಲ್ದಾಣ ಆಯ್ಕೆಯ ಗುಂಡಿಗಳಿಂದಲೇ 5 ಅಂಕಿಗಳ ಕೋಡ್ ಒತ್ತಬೇಕು. ಕಾರಿನೊಂದಿಗೆ ನೀಡುವ ಪುಟ್ಟ ಕಾರ್ಡಿನಲ್ಲಿ ಅದು ಇರುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ ಆ ಕಾರ್ಡ್ ದೊರೆಯದಿದ್ದರೆ? 1 ಮತ್ತು 6ನೇ ಗುಂಡಿಗಳನ್ನು ಒಟ್ಟಿಗೆ ಒತ್ತಿಹಿಡಿದು ರೇಡಿಯೋ ಚಾಲೂ ಮಾಡಿದರೆ ಅನೇಕ ಸೆಟ್‌ಗಳು ತಮ್ಮ ಕ್ರಮಸಂಖ್ಯೆ ತೋರಿಸುತ್ತವೆ. ಅದನ್ನೂ ವಾಹನದ ದಾಖಲೆಗಳನ್ನೂ ಒದಗಿಸಿ ಅಧಿಕೃತ ಡೀಲರ್ ಬಳಿ ಕೋಡ್ ಕೇಳಬಹುದು. ಊಹಿಸಿ ಒತ್ತುವುದು ತರವಲ್ಲ. 10 ಬಾರಿ ತಪ್ಪಿದರೆ ರೇಡಿಯೋ ಚಾಲೂ ಇಟ್ಟು 1 ಗಂಟೆ ಕಾಯಬೇಕಾಗುತ್ತದೆ.