ಹಲ್ಲಿನ ಕಿಟ್ಟ ತೆಗೆಯಲು ಕೈ ಮೇಲೋ, ಯಂತ್ರ ಮೇಲೋ?

ಉತ್ತಮಪಾಳಯಂ: ‘ಹಲ್ಲು ಕ್ಲೀನ್ ಮಾಡಿಸಿದ್ರೆ ಸಡಿಲ ಆಗ್ತವೆ.’ ತೇನಿ ಜಿಲ್ಲೆಯ ಕಂಬಂ ಕಣಿವೆ ಇರಲಿ, ಸೊಲ್ಲಾಪುರದ ಗಡಿ ಇರಲಿ, ಕನ್ನಡ ಮನೆಗಳಲ್ಲಿ ಈ ಮಾತು ಇನ್ನೂ ಹೋಗಿಲ್ಲ. ಈ ಅಂಜಿಕೆಯಿಂದಲೇ ಎಷ್ಟೋ ಮಂದಿ ಹಲ್ಲಿನ ಡಾಕ್ಟರ ಹತ್ತಿರ ಹೋಗುವುದು ಹಲ್ಲು ಕೀಳಿಸುವ ದಿನ ಮಾತ್ರ. ಅದರ ಮೇಲೆ ಈಗ ಇನ್ನೊಂದು ಗೊಂದಲ. ಕೈ ಉಪಕರಣ, ಅಲ್ಟ್ರಾಸಾನಿಕ್ ಯಂತ್ರ, ಪುಡಿ ಚಿಮ್ಮಿಸುವ ಏರ್ ಪಾಲಿಶಿಂಗ್ ಎಂದು ವಿಧಾನಗಳು ಹೆಚ್ಚಿವೆ, ದರವೂ ಬೇರೆ ಬೇರೆ.

ಮುಲ್ಲೈ ಪೆರಿಯಾರ್ ನೀರಿನ ಈ ಕಣಿವೆಯಲ್ಲಿ ದ್ರಾಕ್ಷಿಯಷ್ಟೇ ವೀಳ್ಯದೆಲೆಯೂ ಪರಿಚಿತ. ತಲೆಮಾರುಗಳ ಹಿಂದೆ ಬಂದು ನೆಲೆಸಿದ ಕಪ್ಪಿಲಿಯ ಒಕ್ಕಲಿಗರ ಮನೆಗಳಲ್ಲಿ ಈಗಲೂ ಕನ್ನಡದ ಮಾತಿದೆ. ಎಲೆ-ಅಡಿಕೆ ಮೆಲ್ಲುವ ಹಿರಿಯರ ಹಲ್ಲಿಗೆ ಕಲೆ ಹಿಡಿಯುವುದು ಸಹಜ. ಆದರೆ ತೊಂದರೆ ಕಲೆಯದಲ್ಲ, ಕಿಟ್ಟದ್ದು.

ಕಿಟ್ಟ ಅಂದರೇನು?

ಹಲ್ಲಿನ ಮೇಲೆ ದಿನಾ ಕೂಡುವ ರೋಗಾಣುಗಳ ಮೆತ್ತನೆಯ ಪದರವನ್ನು ತೆಗೆಯದೆ ಬಿಟ್ಟರೆ ಜೊಲ್ಲಿನಲ್ಲಿರುವ ಸುಣ್ಣದ ಅಂಶ ಸೇರಿ ಗಟ್ಟಿಯಾಗುತ್ತದೆ. ಇದೇ ಕಿಟ್ಟ. ಮರಾಠಿಯಲ್ಲಿ ಕೀಟಣ, ತಮಿಳಿನಲ್ಲಿ ಕಾರೈ, ಅಂದರೆ ನಮ್ಮ ಗಾರೆ! ಆಲದ ಕಡ್ಡಿ, ಜಾಲಿ ಕಡ್ಡಿ ಹಲ್ಲಿಗೆ ಬಲ ಎಂದು ತಮಿಳು ಗಾದೆಯೊಂದು ಹೇಳುತ್ತದೆ. ಕಡ್ಡಿಯಾಗಲಿ ಬ್ರಶ್ ಆಗಲಿ ತೆಗೆಯುವುದು ಮೆತ್ತನೆಯ ಪದರವನ್ನು ಮಾತ್ರ. ಗಾರೆಯಾದ ಮೇಲೆ ಡಾಕ್ಟರೇ ಬೇಕು.

ಹಳೆಯ ಕೈ

ಕೊಕ್ಕೆಯಂಥ ಉಕ್ಕಿನ ಉಪಕರಣದಿಂದ ಕೆರೆದು ತೆಗೆಯುವುದು ಬಹಳ ಹಳೆಯ ಪದ್ಧತಿ. ಸುಮಾರು 1000ನೇ ಇಸವಿಯ ಹೊತ್ತಿಗೇ ಸ್ಪೇನಿನ ಕಾರ್ಡೋಬಾದ ವೈದ್ಯ ಅಲ್ ಜಹ್ರಾವಿ ಇಂಥ ಉಪಕರಣಗಳ ಚಿತ್ರ ಬರೆದಿಟ್ಟಿದ್ದ. ಸದ್ದಿಲ್ಲ, ನೀರಿನ ತುಂತುರಿಲ್ಲ. ವಸಡಿನೊಳಗೆ ಅಡಗಿದ ಕಿಟ್ಟ ಬೆರಳಿಗೇ ಗೊತ್ತಾಗುತ್ತದೆ. ಆದರೆ ಹೊತ್ತು ಹಿಡಿಯುತ್ತದೆ, ಡಾಕ್ಟರ ಕೈಯೂ ಸೋಲುತ್ತದೆ.

ಯಂತ್ರದ ಕಾಲ

1950ರ ದಶಕದಲ್ಲಿ ಅಲ್ಟ್ರಾಸಾನಿಕ್ ಯಂತ್ರ ಬಂತು. ಇದರ ತುದಿ ಸೆಕೆಂಡಿಗೆ 25 ಸಾವಿರಕ್ಕೂ ಹೆಚ್ಚು ಸಲ ನಡುಗಿ ಕಿಟ್ಟವನ್ನು ಒಡೆಯುತ್ತದೆ, ನೀರು ಅದನ್ನು ತೊಳೆಯುತ್ತದೆ. ಸದ್ದು ಕೇಳಿ ‘ಹಲ್ಲು ಕೊರೀತಾರೆ’ ಅಂತ ಹೆದರುವವರುಂಟು; ಇದು ಕೊರೆಯುವ ಯಂತ್ರವಲ್ಲ. ಎರಡೂ ವಿಧಾನಗಳನ್ನು ಹೋಲಿಸಿದ ಅಧ್ಯಯನಗಳ ಪ್ರಕಾರ ವಸಡಿಗೆ ಸಿಗುವ ಫಲ ಹೆಚ್ಚುಕಡಿಮೆ ಒಂದೇ. ಯಂತ್ರದಲ್ಲಿ ಸಮಯ ಉಳಿಯುತ್ತದೆ, ಅಷ್ಟೆ. 2020ರಲ್ಲಿ ಕೊರೊನಾ ಬಂದಾಗ ತುಂತುರಿನ ಭಯದಿಂದ ವಿಶ್ವ ಆರೋಗ್ಯ ಸಂಸ್ಥೆ ಆದಷ್ಟು ಕೈ ಉಪಕರಣವನ್ನೇ ಬಳಸಲು ಸೂಚಿಸಿತ್ತು. ಹಳೆಯದು ಹಾಗೆ ಮತ್ತೆ ಮುಂದೆ ಬಂದಿತ್ತು!

ಪುಡಿಯ ಹೊಸ ವಿಧಾನ

ಗಾಳಿ, ನೀರಿನ ಜೊತೆ ಸಣ್ಣ ಪುಡಿ ಚಿಮ್ಮಿಸುವ ವಿಧಾನದಲ್ಲಿ ಮೊದಲು ಅಡಿಗೆ ಸೋಡಾ ಬಳಸುತ್ತಿದ್ದರು. ಈಗ ಗ್ಲೈಸಿನ್, ಎರಿಥ್ರಿಟಾಲ್ ಎಂಬ ಇನ್ನೂ ನಯವಾದ ಪುಡಿಗಳಿವೆ. ಕೆಲವೆಡೆ ಮೊದಲು ಬಣ್ಣ ಹಚ್ಚಿ ಪದರ ಎಲ್ಲಿದೆ ಎಂದು ತೋರಿಸಿ, ಆಮೇಲೆ ಪುಡಿ ಹಾಯಿಸುತ್ತಾರೆ. ಎಲೆ-ಅಡಿಕೆ, ಚಹಾದ ಕಲೆಗೆ, ಮೆತ್ತನೆಯ ಪದರಕ್ಕೆ ಇದು ಚೆನ್ನ, ನೋವೂ ಕಡಿಮೆ. ಆದರೆ ಗಟ್ಟಿ ಕಿಟ್ಟ ಇದರಿಂದ ಹೋಗುವುದಿಲ್ಲ. ಅದಕ್ಕೆ ಮತ್ತೆ ಯಂತ್ರ ಇಲ್ಲವೇ ಕೈಯೇ ಬೇಕು. ಹೊಸದು ಎಂಬ ಕಾರಣಕ್ಕೇ ಹೆಚ್ಚು ಹಣ ಕೊಡುವ ಮುನ್ನ ‘ನನಗೆ ಕಿಟ್ಟ ಇದೆಯಾ, ಬರೀ ಕಲೆಯಾ?’ ಎಂದು ಕೇಳುವುದು ಒಳ್ಳೆಯದು.

ಸಡಿಲ ಆಗೋದು ಯಾಕೆ?

ಕಿಟ್ಟ ವಸಡಿನಡಿ ಇಳಿದಂತೆ ವಸಡು ಊದಿ, ಹಲ್ಲು ಹಿಡಿದ ಎಲುಬು ಕರಗುತ್ತದೆ. ಸಡಿಲವಾದ ಹಲ್ಲುಗಳನ್ನು ಆ ಗಾರೆಯೇ ಒಂದಕ್ಕೊಂದು ಅಂಟಿಸಿ ಹಿಡಿದಿರುತ್ತದೆ. ತೆಗೆದಾಗ ಸಂದು ಕಾಣುತ್ತದೆ, ಅಲುಗಾಟ ತಿಳಿಯುತ್ತದೆ, ಕೆಲವು ದಿನ ಜುಮ್ ಎನ್ನುತ್ತದೆ. ಹಾನಿ ಮೊದಲೇ ಆಗಿತ್ತು, ಶುಚಿ ಮಾಡಿದ್ದರಿಂದ ಆದದ್ದಲ್ಲ. ಹಾಗೇ ಬಿಟ್ಟರೆ ಹಲ್ಲೇ ಹೋಗುತ್ತದೆ.

ಎಲ್ಲರೂ ಆರು ತಿಂಗಳಿಗೊಮ್ಮೆ ಮಾಡಿಸಲೇಬೇಕೆಂದೂ ಇಲ್ಲ. ತಪ್ಪದೆ ದಂತ ತಪಾಸಣೆಗೆ ಹೋಗುವ, ತೀವ್ರ ವಸಡು ರೋಗವಿಲ್ಲದ ದೊಡ್ಡವರಲ್ಲಿ ಹೀಗೆ ಅವಧಿಗೊಮ್ಮೆ ಮಾಡಿಸುವುದರಿಂದ 2-3 ವರ್ಷಗಳಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ ಎಂದು 2018ರ ಕಾಕ್ರೇನ್ ವರದಿ ಹೇಳಿದೆ. ಆದರೆ ವಸಡಿನಲ್ಲಿ ರಕ್ತ ಬರುವವರು, ಸಕ್ಕರೆ ಕಾಯಿಲೆಯವರು, ತಂಬಾಕು ಬಳಸುವವರು ಇದನ್ನು ನೆಪ ಮಾಡಿಕೊಳ್ಳುವಂತಿಲ್ಲ. ಸಕ್ಕರೆ ಏರಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹತೋಟಿ ತಪ್ಪುತ್ತದೆ.

ಡಾಕ್ಟರಿಗೆ ಇವನ್ನು ಹೇಳಿ

* ಪೇಸ್‌ಮೇಕರ್ ಇದ್ದರೆ, ರಕ್ತ ತೆಳುವಾಗುವ ಮಾತ್ರೆ ತಗೋತಿದ್ದರೆ ಮೊದಲೇ ತಿಳಿಸಿ.
* ಉಬ್ಬಸ ಇದ್ದವರು, ಉಪ್ಪು ಕಡಿಮೆ ಮಾಡಬೇಕಾದವರು ಪುಡಿ ವಿಧಾನಕ್ಕೆ ಮುನ್ನ ಹೇಳಿ.
* ತಮಿಳಿನಲ್ಲಿ ವಸಡಿಗೆ ‘ಈರು’, ರಕ್ತಕ್ಕೆ ‘ರತ್ತಂ’ ಅನ್ನಿ.
* ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಇದ್ದರೆ ತಪ್ಪದೆ ತೋರಿಸಿ. ಎಲೆ-ಅಡಿಕೆ, ತಂಬಾಕು ಬಳಸುವವರಲ್ಲಿ ಇದು ಕ್ಯಾನ್ಸರಿನ ಮುನ್ಸೂಚನೆ ಇರಬಹುದು.
* ಕೈ, ಯಂತ್ರ, ಪುಡಿ ಯಾವುದೇ ಇರಲಿ, ಮರುದಿನದಿಂದ ಎರಡು ಹೊತ್ತು ಬ್ರಶ್ ಮಾಡದಿದ್ದರೆ ಕಿಟ್ಟ ಮತ್ತೆ ಕೂಡುತ್ತದೆ.