ನೆಂಟರ ಜೊತೆ ನೀವೂ ಕೂತುಣ್ಣಿ

ಮನೆಗೆ ಹತ್ತು ಜನ ಊಟಕ್ಕೆ ಬರುತ್ತಾರೆಂದರೆ ನಮಗೆ ಸಡಗರ. ಜೊತೆಗೇ ಎದೆ ಡವಡವ. ಹಿಂದೊಮ್ಮೆ ನಾನೂ ಹೋಳಿಗೆ, ಆಂಬೊಡೆ, ಎರಡು ಪಲ್ಯ ಅಂತ ಒಲೆ ಮುಂದೆಯೇ ಬೆಂದೆ. ವರ್ಷಗಳ ಮೇಲೆ ಬಂದಿದ್ದ ಅಕ್ಕ ಹೊರಡುವಾಗ, "ಊಟ ಚೆನ್ನಾಗಿತ್ತು ಕಣೇ, ನಿನ್ನ ಮುಖ ನೋಡೋದೇ ಆಗಲಿಲ್ಲ" ಅಂದಳು. ಆ ಮಾತು ಮನಸ್ಸಿಗೆ ನಾಟಿತು.

ಈಗ ನನ್ನದು ಸರಳ ಊಟ: ಬಿಸಿಬೇಳೆಬಾತು, ಕೋಸಂಬರಿ, ಹಪ್ಪಳ, ಮೊಸರನ್ನ. 10 ಜನಕ್ಕೆ 3 ಪಾವು ಅಕ್ಕಿ, 2 ಪಾವು ತೊಗರಿಬೇಳೆಯ ಬಾತು ಸಾಕು. ಪುಡಿಯನ್ನು ಹಿಂದಿನ ದಿನವೇ ಹುರಿದು ಕುಟ್ಟಿಡಿ. ಬಾತು ಆರಿದಷ್ಟೂ ಗಟ್ಟಿಯಾಗುತ್ತದೆ. ಇಳಿಸುವಾಗ ತೆಳ್ಳಗಿರಲಿ, ಪಕ್ಕದಲ್ಲಿ ಬಿಸಿನೀರಿರಲಿ. ಕೋಸಂಬರಿಗೆ ಉಪ್ಪು, ನಿಂಬೆರಸ ಬಡಿಸುವ ಹೊತ್ತಿಗೇ ಹಾಕಿ. ಇಲ್ಲವಾದರೆ ನೀರು ಬಿಡುತ್ತದೆ. ಮೊಸರನ್ನಕ್ಕೆ ಹಾಲು ಹೆಚ್ಚು, ಮೊಸರು ಒಂದೆರಡು ಚಮಚ ಹಾಕಿ ಮಧ್ಯಾಹ್ನವೇ ಕಲಸಿಟ್ಟರೆ ರಾತ್ರಿಗೆ ಹುಳಿಯಾಗದು. ಹಪ್ಪಳ ಸಂಜೆಯೇ ಕರಿದು ಡಬ್ಬಿಗೆ ತುಂಬಿ.

ಎಲೆ ಹಾಕೋದು, ನೀರಿಡೋದು ಮಕ್ಕಳಿಗೆ ವಹಿಸಿ. ಗಂಡಸರೂ ಬಡಿಸಲಿ, ಕೈಯೇನೂ ಸವೆಯದು!

ಕಳೆದ ದೀಪಾವಳಿಗೆ ಅಕ್ಕ ಮತ್ತೆ ಬಂದಳು. ಒಂದೇ ಪಂಕ್ತಿಯಲ್ಲಿ ಕೂತು ಉಂಡೆವು. ಅಮ್ಮನ ವಿಷಯ ಮಾತಾಡುತ್ತಾ ಕೈ ಒಣಗಿದ್ದೂ ಗೊತ್ತಾಗಲಿಲ್ಲ.