ಹಿತ್ತಾಳೆಯ ಆಯುಸ್ಸು

ಕಂಚುಗಾರನು ಹಿತ್ತಾಳೆಯ ತಗಡನ್ನು ಬಡಿದು ಕೊಡವನ್ನಾಗಿ ಮಾಡುವುದನ್ನು ವಾಚಕರಲ್ಲಿ ಕೆಲವರಾದರೂ ನೋಡಿರಬಹುದು. ಆತನು ಸ್ವಲ್ಪ ಹೊತ್ತು ಬಡಿದು, ಸುತ್ತಿಗೆಯನ್ನು ಬದಿಗಿಟ್ಟು, ತಗಡನ್ನು ಕೆಂಡದಲ್ಲಿ ಕಾಸಿ, ಆರಿದ ಮೇಲೆ ಮತ್ತೆ ಬಡಿಯತೊಡಗುತ್ತಾನೆ. ಕಾಸದೆ ಬಡಿಯುತ್ತಲೇ ಹೋದರೆ ತಗಡು ಸೀಳುತ್ತದೆಂಬುದು ಆತನ ಅನುಭವ. ಈ ಕೊಡಕ್ಕೂ ರೈಫಲಿನ ತೋಟಾಕ್ಕೂ ಏನು ಸಂಬಂಧವೆಂದು ಕೇಳಬಹುದು. ಎರಡೂ ತಾಮ್ರ ಮತ್ತು ಸತುವುಗಳ ಮಿಶ್ರಲೋಹದಿಂದಾದವು. ಎರಡರ ಆಯುಸ್ಸನ್ನೂ ನಿರ್ಧರಿಸುವ ನಿಯಮ ಒಂದೇ.

ದಾವಣಗೆರೆ, ಹರಿಹರಗಳ ಕಾಲೇಜುಗಳಲ್ಲಿ ಎನ್.ಸಿ.ಸಿ. ಸೇರಿದ ವಿದ್ಯಾರ್ಥಿಗಳು ಗುರಿಯ ಅಭ್ಯಾಸ ಮುಗಿದ ಮೇಲೆ ಖಾಲಿ ತೋಟಾಗಳನ್ನು ಎಣಿಸಿ ಒಪ್ಪಿಸುತ್ತಾರೆ. ಅವರು ಬಳಸುವ .೨೨ ರೈಫಲಿನ ತೋಟಾದಲ್ಲಿ ಕಿಡಿಮದ್ದು ತಳದ ಅಂಚಿನೊಳಗೇ ಇರುವುದರಿಂದ ಅದನ್ನು ಮತ್ತೆ ತುಂಬಲಾಗದು. ದೊಡ್ಡ ರೈಫಲುಗಳ ತೋಟಾದಲ್ಲಾದರೋ ಕಿಡಿಮದ್ದಿನ ಪುಟ್ಟ ಬಟ್ಟಲು ತಳದ ನಡುವೆ ಬೇರೆಯಾಗಿ ಕುಳಿತಿರುತ್ತದೆ. ಅದನ್ನು ಬದಲಿಸಿ, ಹೊಸ ಮದ್ದನ್ನೂ ಗುಂಡನ್ನೂ ಸೇರಿಸಿದರೆ ಅದೇ ಕವಚ ಮತ್ತೆ ಉಪಯೋಗಕ್ಕೆ ಬರುತ್ತದೆ. ಆದರೆ ಎಷ್ಟು ಸಲ?

ಈ ಕವಚದಲ್ಲಿ ನೂರಕ್ಕೆ ೭೦ ಭಾಗ ತಾಮ್ರ, ೩೦ ಭಾಗ ಸತುವು ಇರುತ್ತವೆ. ಗುಂಡು ಹಾರಿದ ಕ್ಷಣದಲ್ಲಿ ಒಳಗಿನ ಅನಿಲದ ಒತ್ತಡ ವಾಯುಭಾರದ ೩೦೦೦ ಪಟ್ಟನ್ನೂ ಮೀರುತ್ತದೆ. ಕವಚವು ಆಗ ಉಬ್ಬಿ ಬಂದೂಕಿನ ಗೋಡೆಗೆ ಅಂಟಿಕೊಂಡು ಅನಿಲ ಹಿಂದಕ್ಕೆ ಬಾರದಂತೆ ತಡೆಯುತ್ತದೆ. ಒಡನೆಯೇ ಸ್ವಲ್ಪ ಕುಗ್ಗಿ ಸುಲಭವಾಗಿ ಹೊರಬರುತ್ತದೆ. ಅದು ಬಿರಿದರೆ ಕುದಿಯುವ ಅನಿಲ ನುಗ್ಗುವುದು ಗುರಿಯಿಟ್ಟವನ ಕಣ್ಣಿನ ಕಡೆಗೆ. ಆದುದರಿಂದ ಕವಚದ ಆಯುಸ್ಸಿನ ಪ್ರಶ್ನೆ ಬರಿಯ ಉಳಿತಾಯದ ಪ್ರಶ್ನೆಯಲ್ಲ.

ಲೋಹವು ದಣಿಯುವುದೇಕೆ? ಒಂದು ದಪ್ಪ ತಾಮ್ರದ ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ನೋಡೋಣ. ಮೊದಲು ಸುಲಭವಾಗಿ ಬಾಗಿದ ತಂತಿ ಬರಬರುತ್ತ ಗಡುಸಾಗಿ ಕೊನೆಗೆ ಮುರಿಯುತ್ತದೆ. ಮುರಿಯುವ ಮೊದಲೇ ಅದನ್ನು ಜ್ವಾಲೆಯಲ್ಲಿ ಕೆಂಪಗೆ ಕಾಸಿ ಆರಿಸಿದರೆ ಪುನಃ ಮೆತ್ತಗಾಗುತ್ತದೆ. ಲೋಹದೊಳಗಿನ ಹರಳುಗಳಲ್ಲಿ ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರುವುದರಿಂದಲೇ ಅದು ಬಾಗುತ್ತದೆ. ಪ್ರತಿ ಬಾಗಿಗೂ ಆ ಸಾಲುಗಳಲ್ಲಿ ತೊಡಕುಗಳು ಹೆಚ್ಚಿ, ಜಾರಲು ಎಡೆಯಿಲ್ಲದಂತಾಗುತ್ತದೆ. ಶಾಖ ಕೊಟ್ಟಾಗ ಪರಮಾಣುಗಳು ಅಲುಗಾಡಿ, ತೊಡಕಿಲ್ಲದ ಹೊಸ ಹರಳುಗಳು ಹುಟ್ಟುತ್ತವೆ.

ತೋಟಾದ ಕತ್ತು ಪ್ರತಿ ಸಲವೂ ಉಬ್ಬುತ್ತದೆ; ಮತ್ತೆ ತುಂಬುವಾಗ ಅದನ್ನು ಅಚ್ಚಿನಲ್ಲಿ ಒತ್ತಿ ಕಿರಿದು ಮಾಡಲಾಗುತ್ತದೆ. ಇದು ನಮ್ಮ ತಂತಿಯ ಕಥೆಯೇ. ಕೆಲವು ಸಲ ತುಂಬಿದ ಮೇಲೆ ಕತ್ತನ್ನು ಮಾತ್ರ ಕೆಲವು ಕ್ಷಣ ಜ್ವಾಲೆಗೆ ಹಿಡಿದು ಮೃದುಗೊಳಿಸಿದರೆ ಸೀಳು ಬೀಳುವುದು ತಪ್ಪುತ್ತದೆ. ತಳಕ್ಕೆ ಮಾತ್ರ ಶಾಖ ತಾಗಬಾರದು. ಒತ್ತಡವನ್ನು ತಡೆಯುವುದು ತಳದ ಗಡಸುತನವೇ. ಅದಕ್ಕೆಂದೇ ತಳವನ್ನು ನೀರಿನಲ್ಲಿ ಮುಳುಗಿಸಿಡುವ ರೂಢಿಯುಂಟು. ಕಾಸಿದ ಕುಡುಗೋಲನ್ನು ನೀರಿಗೆ ಅದ್ದಿದರೆ ಉಕ್ಕು ಗಡುಸಾಗುತ್ತದೆ. ಹಿತ್ತಾಳೆ ಹಾಗೆ ಆಗುವುದಿಲ್ಲ, ನೀರು ಅದರ ಶಾಖವನ್ನು ಮಾತ್ರ ಹೀರಿಕೊಳ್ಳುತ್ತದೆ.

ಕಾಸಿದರೂ ವಾಸಿಯಾಗದ ದೋಷವೊಂದಿದೆ. ಅಚ್ಚಿನಲ್ಲಿ ಕವಚದ ಹೆಗಲನ್ನು ಬೇಕಾದುದಕ್ಕಿಂತ ಹಿಂದಕ್ಕೆ ಒತ್ತಿದರೆ, ಮುಂದಿನ ಸಲ ಅದು ಉದ್ದಕ್ಕೆ ಹಿಗ್ಗಿ, ತಳದ ಸ್ವಲ್ಪ ಮೇಲೆ ಗೋಡೆ ತೆಳ್ಳಗಾಗುತ್ತದೆ. ಅಲ್ಲಿ ಹೊಳೆಯುವ ಗೆರೆ ಕಂಡರೆ, ಅಥವಾ ತುದಿ ಬಾಗಿಸಿದ ತಂತಿಯಿಂದ ಒಳಗೆ ತಡಕಿದಾಗ ಕುಳಿ ಸಿಕ್ಕಿದರೆ, ಅದನ್ನು ಎಸೆಯತಕ್ಕದ್ದು. ಕತ್ತಿನತ್ತ ಹರಿದು ಉದ್ದವಾದ ಭಾಗವನ್ನು ಪುಟ್ಟ ಲೇತಿನಂತಹ ಉಪಕರಣದಿಂದ ಕತ್ತರಿಸುತ್ತಾರೆ. ೧೯೪೧ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಿಂದಾಗಿ ಲೇತುಗಳಿಗೆ ಹೆಸರಾಗಿದ್ದ ಹರಿಹರದವರಿಗೆ ಈ ಕೆಲಸದ ತತ್ತ್ವವನ್ನು ವಿವರಿಸಬೇಕಾಗಿಲ್ಲ.

ಇನ್ನೊಂದು ಶತ್ರು ಗಾಳಿಯಲ್ಲಿದೆ. ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ ನಮ್ಮ ದೇಶದ ಸೈನ್ಯದ ತೋಟಾಗಳು ಮಳೆಗಾಲದಲ್ಲಿ, ಯಾರೂ ಮುಟ್ಟದಿದ್ದರೂ, ತಾವಾಗಿಯೇ ಬಿರಿಯುತ್ತಿದ್ದವು. ಅವುಗಳನ್ನು ಕುದುರೆಲಾಯಗಳಲ್ಲಿ ಇಡುತ್ತಿದ್ದರು. ೧೯೨೧ರಲ್ಲಿ ಮೂರ್, ಬೆಕಿನ್ಸೇಲ್ ಮತ್ತು ಮ್ಯಾಲಿನ್ಸನ್ ಎಂಬ ವಿಜ್ಞಾನಿಗಳು ಇದರ ಕಾರಣವನ್ನು ವಿವರಿಸಿದರು: ಕುದುರೆಯ ಮೂತ್ರದಿಂದ ಹೊಮ್ಮಿದ ಅಮೋನಿಯ ತೇವದೊಡನೆ ಕೂಡಿ, ಒಳಬಿಗಿತವುಳ್ಳ ಹಿತ್ತಾಳೆಯನ್ನು ಸೀಳುತ್ತಿತ್ತು. ಬಿಗಿತವನ್ನು ಶಾಖದಿಂದ ಸಡಿಲಿಸಿದರೆ ಈ ರೋಗ ತಪ್ಪುತ್ತದೆ. ಭದ್ರಾ ನಾಲೆಯ ಸೀಮೆಯ ರೈತನು ಪರವಾನಗಿ ಪಡೆದ ಬಂದೂಕಿನ ತೋಟಾಗಳನ್ನು ದನದ ಕೊಟ್ಟಿಗೆಯಲ್ಲಾಗಲಿ ಯೂರಿಯಾ ಮೂಟೆಯ ಪಕ್ಕದಲ್ಲಾಗಲಿ ಇಡಬಾರದೆಂಬುದಕ್ಕೆ ಇದೇ ಕಾರಣ. ಅಮೋನಿಯ ಬೆರೆತ ದ್ರವದಿಂದ ಅವುಗಳನ್ನು ಉಜ್ಜಲೂಬಾರದು.

ನಮ್ಮ ದೇಶದಲ್ಲಿ ೧೯೫೯ರ ಆಯುಧ ಕಾನೂನಿನಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಆದುದರಿಂದ ವಿದ್ಯಾರ್ಥಿಗಳ ಪ್ರಯೋಗ ತಾಮ್ರದ ತಂತಿಗಷ್ಟೇ ಸೀಮಿತವಾಗಿರಲಿ. ಲೋಹವು ತಾನು ತಿಂದ ಪೆಟ್ಟನ್ನು ಮರೆಯುವುದಿಲ್ಲ. ಹದವರಿತ ಶಾಖವೊಂದೇ ಅದನ್ನು ಮರೆಸಬಲ್ಲುದು. ಕಂಚುಗಾರನು ಕೈಯಿಂದ ಕಂಡುಕೊಂಡ ಈ ಸತ್ಯವನ್ನು ಬೆರಳುಗಳಲ್ಲಿ ಅರಿಯಲು ಆ ತಂತಿಯೇ ಸಾಕು.